ಹನ್ನೊಂದು ಕಿಟಕಿಗಳ ವಿಮಾನ

ಅವಳು ಅಪ್ಪ ಮಾಡಿದ ಪುಟ್ಟ ವಿಮಾನವನ್ನು ಟವೆಲಿನಲ್ಲಿ ಸುತ್ತಿ ಬೀರುವಿನೊಳಗೆ ತಳ್ಳುತ್ತಿದ್ದಾಗಲೇ ಅಪ್ಪನ ತಂಗಿ ಬಾಗಿಲಲ್ಲಿ ಬಂದು ನಿಂತರು.

"ಅದನ್ಯಾಕೆ ಒಳಗಿಡ್ತೀಯೇ? ಅಣ್ಣನ ಫೋಟೋ ಪಕ್ಕ ಇಡೋಣ. ಬಂದವರು ನೋಡ್ಲಿ."

"ಬೇಡ ಅತ್ತೆ. ಅದಿನ್ನೂ ಮುಗಿದಿಲ್ಲ."

"ಅಣ್ಣ ಮುಗಿಸಿದ್ದು ಯಾವುದಿದೆ ಹೇಳು? ಬಚ್ಚಲಮನೆ ಬಾಗಿಲು ಹನ್ನೆರಡು ವರ್ಷದಿಂದ ಕಿರ್ರೋ ಅಂತಿದೆ. ಅದಕ್ಕೆ ಒಂದು ತೊಟ್ಟು ಎಣ್ಣೆ ಬಿಡೋಕೆ ಪುರುಸೊತ್ತಿರ್ಲಿಲ್ಲ, ಈ ಆಟದ ಸಾಮಾನಿನ ಬಾಗಿಲಿಗೆ ಮಾತ್ರ ಮೂರು ದಿನ!" ಅತ್ತೆ ನಗಲು ಹೋಗಿ ಅತ್ತುಬಿಟ್ಟರು.

ನಡುಮನೆಯಲ್ಲಿ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದರು. ಹತ್ತೂವರೆಗೆ ಗಾಡಿ ಬರಬೇಕಿತ್ತು. ಅಷ್ಟರೊಳಗೆ ಪೈಲಟ್ ಮಾವ ಬರದಿದ್ದರೆ ಸಾಕು ಎಂದು ಅವಳು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದಳು. ಅಪ್ಪನ ಪ್ರಾಣಸ್ನೇಹಿತ ಕೊನೆಯ ಸಲ ಮುಖ ನೋಡಲು ಬರದಿರಲಿ ಎಂದು ಬೇಡುವ ತಾನು ಎಂಥ ಮಗಳು ಎಂದು ಅವಳಿಗೇ ಹೇಸಿಗೆಯಾಯಿತು.

*

ಅಪ್ಪ ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರು ನೋಡಿಕೊಳ್ಳುತ್ತಿದ್ದುದು ಯುದ್ಧವಿಮಾನವನ್ನಲ್ಲ. ಒಂದು ಶಿಬಿರದಿಂದ ಇನ್ನೊಂದಕ್ಕೆ ಕಾಗದಪತ್ರವನ್ನೋ ಒಬ್ಬ ಅಧಿಕಾರಿಯನ್ನೋ ಒಯ್ಯುವ, ಬಯಲು ಕಂಡಲ್ಲಿ ಇಳಿಯುವ, ಎರಡು ಸೀಟಿನ ಹಗುರ ವಿಮಾನ. ಬಂದೂಕಿಲ್ಲ, ಬಾಂಬಿಲ್ಲ, ಸುತ್ತ ಬರೀ ಗಾಜು. "ನಮ್ಮದು ಸೈನ್ಯದ ಅಂಚೆಯಣ್ಣ" ಎನ್ನುತ್ತಿದ್ದರು.

ಅದರದೇ ಮಾದರಿಯನ್ನು, ನಲವತ್ತೆಂಟರಲ್ಲೊಂದು ಅಳತೆಗೆ, ಪೈಲಟ್ ಮಾವನ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಎರಡು ವರ್ಷದಿಂದ ಮಾಡುತ್ತಿದ್ದರು. ಈ ತುದಿಯಿಂದ ಆ ತುದಿಗೆ ಒಂದು ಗೇಣು ರೆಕ್ಕೆ. ಉಗುರಿನಷ್ಟಗಲದ ಹನ್ನೊಂದು ಕಿಟಕಿ. ಒಂದೊಂದಕ್ಕೂ ಹಲ್ಲುಕಡ್ಡಿಯ ತುದಿಯಲ್ಲಿ ಬಿಳಿ ಅಂಟು ತಾಗಿಸಿ, ರಾತ್ರಿಯಿಡೀ ಒಣಗಲು ಬಿಡುತ್ತಿದ್ದರು.

ಕೊನೆಯ ಕಿಟಕಿ ಕೂರಿಸಿದ ಮಾರನೆಯ ದಿನ ಅಪ್ಪ ವಾಕಿಂಗಿಗೆ ಹೋಗಿದ್ದಾಗ ಅವಳು ಮೇಜು ಒರೆಸಿದಳು. ಬಟ್ಟೆಯ ಅಂಚು ಸಿಕ್ಕಿ ಒಂದು ಕಿಟಕಿ ಕಳಚಿ ಬಿತ್ತು. ಚಪ್ಪಲಿ ರಿಪೇರಿಗೆ ತಂದಿದ್ದ, ಮುಟ್ಟಿದ ಕೂಡಲೇ ಹಿಡಿಯುವ ಅಂಟು ಅಡುಗೆಮನೆಯಲ್ಲಿತ್ತು. ಒಂದು ಹನಿ ಬಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಗಟ್ಟಿಯಾಗಿ ಕೂತಿತು. ಒಂದು ರಾತ್ರಿ ಕಾಯುವ ಕೆಲಸವನ್ನು ಅರೆಗಳಿಗೆಯಲ್ಲಿ ಮುಗಿಸಿದೆನೆಂದು ಹೆಮ್ಮೆಯೂ ಆಯಿತು.

ಸಂಜೆ ನೋಡಿದರೆ ಅಷ್ಟೂ ಕಿಟಕಿಗಳು ಒಳಗಿನಿಂದ ಹಾಲು ಬಳಿದ ಹಾಗೆ ಬೆಳ್ಳಗಾಗಿದ್ದವು.

"ಇದು ಆ ಚಪ್ಪಲಿ ಅಂಟಿನ ಹೊಗೆ, ಗಾಜಿಗೆಲ್ಲ ಕೂತುಬಿಟ್ಟಿದೆ" ಎಂದರು ಅಪ್ಪ. ಬಹಳ ಹೊತ್ತು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ನಾನೇ ಸೀಸೆ ಅದಲುಬದಲು ಮಾಡ್ಕೊಂಡ್ನಾ? ನೆನಪೇ ಆಗ್ತಿಲ್ವಲ್ಲ."

ಅಪ್ಪ ಬೈಯುವವರಲ್ಲ. ಮಾಡಿದ್ದು ನಾನೇ ಎಂದು ಅವಳು ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳು ಹೇಳಿದ್ದು ಬೇರೆ:

"ಇರ್ಬಹುದಪ್ಪ. ವಯಸ್ಸಾಯ್ತಲ್ಲ."

ಮರುದಿನ ಅಪ್ಪ ಕುಂಚಗಳನ್ನು ತೊಳೆದು, ಚಿಮಟಗಳನ್ನು ಒರೆಸಿ ಡಬ್ಬಿಗೆ ತುಂಬಿದರು. ಆಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಎದ್ದೆದ್ದು ಹೋಗಿ ನೋಡತೊಡಗಿದರು. ಒಂದು ದಿನ ಸ್ಕೂಟರಿನ ಕೀಲಿಯನ್ನು ಅವಳ ಕೈಗಿಟ್ಟರು: "ನನ್ನ ತಲೆಯನ್ನ ಇನ್ನು ನಂಬೋ ಹಾಗಿಲ್ಲ ಮಗಳೇ." ನಾಳೆ ಹೇಳೋಣ ಎಂದುಕೊಂಡಳು. ನಾಳೆ ಎಂದವರ ಮನೆ ಹಾಳು ಎಂಬ ಗಾದೆ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹಾಗೆಯೇ ಮೂರು ತಿಂಗಳು ಕಳೆಯಿತು.

*

ಪೈಲಟ್ ಮಾವ ಹತ್ತಕ್ಕೇ ಬಂದರು. ಊರುಗೋಲನ್ನು ಗೋಡೆಗೆ ಒರಗಿಸಿ ಪೆಟ್ಟಿಗೆಯ ಪಕ್ಕ ನಿಂತು, "ಏನೋ ಸ್ಪ್ಯಾನರ್, ನನ್ನ ಬಿಟ್ಟು ಒಬ್ನೇ ಹೊರಟ್ಯಲ್ಲೋ" ಎಂದರು. ಕಣ್ಣೊರೆಸಿಕೊಂಡು ಅವಳ ಕಡೆ ತಿರುಗಿದರು. "ನನ್ನ ವಿಮಾನ ಎಲ್ಲಮ್ಮ?"

ಅತ್ತೆಯೇ ಹೋಗಿ ತಂದರು.

ಮಾವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಇಣುಕಿದರು. "ಒಳಗೆ ನಾವಿಬ್ರೂ ಗೊಂಬೆಗಳಾಗಿ ಇದೀವಂತೆ. ನಾನು ಮುಂದೆ, ಅವನು ಹಿಂದೆ. ರಿಪೇರಿ ಮಾಡಿದವನು ಮೊದಲ್ನೇ ಹಾರಾಟಕ್ಕೆ ಹಿಂದಿನ ಸೀಟಲ್ಲಿ ಕೂರ್ಲೇಬೇಕು, ನಮ್ಮಲ್ಲಿ ಅದು ಕಟ್ಟುನಿಟ್ಟು. ನಟ್ಟು ಸಡಿಲ ಬಿಟ್ಟಿದ್ರೆ ಇಬ್ರೂ ಒಟ್ಟಿಗೇ ಢಮಾರ್!" ಮತ್ತೆ ಇಣುಕಿದರು. "ಏನೂ ಕಾಣ್ಸಲ್ಲ. ಪಾಪ, ಫೋನ್ ಮಾಡಿ ಕ್ಷಮೆ ಕೇಳಿದ. ಕೈ ತಪ್ತು ಕಣೋ, ನನ್ನ ಕಾಲ ಮುಗೀತು ಅಂದ. ನಾನು ನಕ್ಕುಬಿಟ್ಟೆ. ನಗಬಾರದಿತ್ತು."

"ವಯಸ್ಸಾದ್ಮೇಲೆ ಹಾಗೇನೇ ಬಿಡಿ" ಎಂದರು ಪಕ್ಕದ ಮನೆಯವರು.

"ಅಪ್ಪ ಮಾಡಿದ್ದಲ್ಲ" ಎಂದಳು ಅವಳು. ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿತ್ತು. "ನಾನು ಮಾಡಿದ್ದು. ಮಾಡಿ, ಅವರ ಮೇಲೆ ಹಾಕ್ದೆ." ಬಟ್ಟೆ, ಅಂಟು, ಆಡಿದ ಮಾತು, ಎಲ್ಲವನ್ನೂ ಎಲ್ಲರೆದುರು ಹೇಳಿದಳು.

"ಹೋಗ್ಲಿ ಬಿಡೇ, ಇಷ್ಟು ಸಣ್ಣ ವಿಷಯಕ್ಕೆ..." ಅತ್ತೆ ಅವಳ ಬೆನ್ನು ಸವರಿದರು.

ಪೈಲಟ್ ಮಾವ ವಿಮಾನವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಸಣ್ಣದಲ್ಲ" ಎಂದರು. "ಅವನಿಗೆ ಹೇಳ್ಬೇಕಿತ್ತಮ್ಮ."

ಅವರು ರೇಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಗಾಡಿ ಬಂತು. ನಾಲ್ವರು ಪೆಟ್ಟಿಗೆಯನ್ನು ಎತ್ತಿ ಒಳಗೆ ಸರಿಸಿದರು. "ಹಿಂದೆ ಒಬ್ರಿಗೆ ಜಾಗ ಇದೆ, ಯಾರು ಕೂರ್ತೀರಿ?" ಎಂದು ಡ್ರೈವರ್ ಕೇಳಿದ. ಚಿಕ್ಕಪ್ಪ ಮುಂದೆ ಬಂದರು.

"ಚಿಕ್ಕಪ್ಪ, ನಾನು ಕೂರ್ತೀನಿ."

"ನೀನು ಅತ್ತೆ ಜೊತೆ ಕಾರಲ್ಲಿ ಬಾರಮ್ಮ, ಸುಸ್ತಾಗಿದೀಯ."

ಅವಳು ಆಗಲೇ ಹತ್ತಿ ಕುಳಿತಿದ್ದಳು. ಬಾಗಿಲನ್ನು ಪೈಲಟ್ ಮಾವನೇ ಹಾಕಿದರು.

ಮೊದಲ ತಿರುವಿನಲ್ಲಿ ಡ್ರೈವರಿಗೆ ಹಿಂದಿನಿಂದ ಮಾತು ಕೇಳಿಸಿತು. "ಏನಮ್ಮಾ?" ಎಂದು ಕನ್ನಡಿಯಲ್ಲಿ ನೋಡಿದ. ಆಕೆ ಪೆಟ್ಟಿಗೆಯ ಮುಚ್ಚಳಕ್ಕೆ ಕೆನ್ನೆಯಾನಿಸಿ ಏನೋ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಮರದ ಮೇಲೆ ಉಗುರಿನಷ್ಟಗಲದ ಒಂದು ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತೋರಿಸುತ್ತಿದ್ದಳು.