ತುದಿಯಿಂದ ಬುಡಕ್ಕೆ

"ಅಯ್ಯೋ, ಬಿಡಜ್ಜಿ! ನೋಯುತ್ತೆ!"

ಅವಳ ಗಂಡನನ್ನು ಮಣ್ಣು ಮಾಡಲು ಬಂದಿದ್ದ ನೆಂಟರೆಲ್ಲ ನಿನ್ನೆಯೇ ಹೊರಟುಹೋಗಿದ್ದರು. ಮಗಳನ್ನು ಇವತ್ತು ಶಾಲೆಗೆ ಕಳಿಸಬೇಕಿತ್ತು. ಅವಳು ಒಲೆಯ ಮುಂದೆ ನಿಂತು ಹಾಲು ಉಕ್ಕುವುದನ್ನು ನೋಡಿದಳು. ಉಕ್ಕಿದ ಮೇಲೂ ನೋಡುತ್ತಲೇ ಇದ್ದಳು. ಬೆನ್ನ ಹಿಂದೆ ಅವಳ ಅಮ್ಮ ಮೊಮ್ಮಗಳನ್ನು ಮಂಡಿಗಳ ನಡುವೆ ಹಿಡಿದು, ಒಣಗೂದಲಿಗೆ ಬುಡದಿಂದಲೇ ಸಣ್ಣ ಹಲ್ಲಿನ ಬಾಚಣಿಗೆ ಎಳೆಯುತ್ತಿದ್ದಳು.

"ಇದೇನು ತಲೆನೋ, ಹಕ್ಕಿಗೂಡೋ? ಹಲ್ಲೇ ಮುರೀತು ನೋಡು."

ಮಗುವಿನ ಗುಂಗುರು ಕೂದಲು ಅದರ ಅಪ್ಪನದು. ಅವನ ತಂದೆ ಕಡಲಾಚೆಯಿಂದ ಬಂದ ಕರಿಯ ಜನಾಂಗದವನು, ತಾಯಿ ಇಲ್ಲಿಯವಳು. ಯಾರೂ ಏನೂ ಕೇಳದಿರಲೆಂದು ಅವನು ಮೊದಲೆಲ್ಲ ತಲೆ ನುಣ್ಣಗೆ ಬೋಳಿಸುತ್ತಿದ್ದ. ಮಗಳು ಹುಟ್ಟಿದ ಮೇಲೆ ಬೆಳೆಯಲು ಬಿಟ್ಟ. "ಇಂಥ ಕೂದಲಿಗೆ ಅವಳೊಬ್ಬಳೇ ಆಗ್ಬಾರ್ದಲ್ಲ," ಎಂದಿದ್ದ.

"ಸಂಜೆ ಪಾರ್ಲರ್‌ಗೆ ಹೇಳಿದೀನಿ ಕಣೇ," ಎಂದಳು ಅಮ್ಮ, ದನಿ ತಗ್ಗಿಸಿ. "ಔಷಧಿ ಹಾಕಿ ನೆಟ್ಟಗೆ ಮಾಡ್ತಾರಂತೆ. ಮೈಬಣ್ಣ ಹೇಗೂ ನಿಂದೇ. ಯಾರು ನೋಡಿದ್ರೂ ನಮ್ಮ ಮಗು ಅಂತಾರೆ. ಇನ್ನು ಅವನೂ ಇಲ್ಲ, ದಿನಾ ಎಷ್ಟು ಜನಕ್ಕೆ ಅಂತ ಉತ್ತರ ಹೇಳ್ತೀಯ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಹಾಗೆನ್ನಲು ಅವಳು ಬಾಯಿ ತೆರೆದೂ ಇದ್ದಳು.

"ಅಪ್ಪ ಹೀಗೆ ಮಾಡಲ್ಲ," ಎಂದಿತು ಮಗು, ಬಿಕ್ಕುತ್ತಲೇ. "ನೀರು ಹಾಕ್ಬೇಕು. ತುದಿಯಿಂದ ಶುರು ಮಾಡ್ಬೇಕು. ಗಂಟು ಸಿಕ್ರೆ ಸಾರಿ ಅನ್ಬೇಕು."

"ಯಾರಿಗೆ, ಗಂಟಿಗಾ?" ಎಂದಳು ಅಮ್ಮ.

"ನನಗೆ!"

ಅವಳು ಒಲೆ ಆರಿಸಿದಳು. ಬಚ್ಚಲಿನ ಗೂಡಿನಲ್ಲಿ ಅಗಲ ಹಲ್ಲಿನ ಬಾಚಣಿಗೆಯಿತ್ತು. ಎದುರು ಮನೆಯ ನರ್ಸಮ್ಮ ಗಂಡನ ತಂದೆಯ ಕಡೆಯ ಜನ; ಅದನ್ನು ಅವನು ಅವರಿಂದ ಎರವಲು ತಂದಿದ್ದ. ಮಗಳ ತಲೆಗೆ ನೀರು ಸುರಿದು, ತುದಿಯಿಂದ ಶುರುಮಾಡಿದಳು. ಕೈಗೆ ಒಗ್ಗಲಿಲ್ಲ. ಸಾರಿ ಎಂದಳು. ಮತ್ತೆ ಸಾರಿ. ಶಾಲೆಯ ಹೊತ್ತು ಮೀರಿತು. ಅಮ್ಮ ಒಳಗೆ ಹೋಗಿ ಫೋನಿನಲ್ಲಿ ಪಾರ್ಲರಿನವಳಿಗೆ, "ಇವತ್ತು ಬೇಡ ಬಿಡಮ್ಮ," ಎನ್ನುವುದು ಕೇಳಿಸಿತು. ಇವತ್ತು ಎಂಬುದನ್ನು ಒತ್ತಿ ಹೇಳಿದಳು.

ಮಗಳನ್ನು ಶಾಲೆಗೆ ಬಿಟ್ಟು, ಪಕ್ಕದ ಅಂಗಡಿಗೆ ಹೋಗಿ ಬಂದು, ಅವಳು ಬಾಚಣಿಗೆ ಹಿಂದಿರುಗಿಸಲು ಎದುರು ಮನೆಯ ಬಾಗಿಲು ತಟ್ಟಿದಳು. ರಾತ್ರಿಪಾಳಿ ಮುಗಿಸಿದ್ದ ನರ್ಸಮ್ಮ ನಿದ್ದೆಗಣ್ಣಲ್ಲೇ ಬಂದರು.

"ಇದನ್ಯಾಕಮ್ಮ ವಾಪಸ್ ತಂದೆ? ಇಟ್ಕೋ, ಮಗೂಗೆ ಬೇಕಲ್ಲ."

"ನಮ್ದೇ ಒಂದು ತಗೊಂಡೆ."

ನರ್ಸಮ್ಮ ಬಾಚಣಿಗೆಯನ್ನು ತೆಗೆದುಕೊಂಡು ಅವಳ ಮುಖ ನೋಡಿದರು. "ನೀನೇ ಬಾಚಿದ್ಯಾ? ನೀರು ಸಾಕಷ್ಟು ಹಾಕಿದ್ಯಾ?"

ಅವಳು ತೋಳು ಚಾಚಿ ತೋರಿಸಿದಳು. ರವಿಕೆಯ ಉದ್ದ ತೋಳು ಮೊಣಕೈವರೆಗೂ ಇನ್ನೂ ಒದ್ದೆಯಿತ್ತು.