ಲಿಲ್ಲಿ ಮನೆ ಪಕ್ಕದ ಮನೆ

"ಟೀಚರ್, ಅಲ್ಲಿ ಕೂರಬೇಡಿ, ಈಚೆ ಬನ್ನಿ," ಎನ್ನುತ್ತ ಡ್ರೈವರಣ್ಣ ಅವರ ಕುರ್ಚಿಯನ್ನು ಎತ್ತಿ ಒಳಗೋಡೆಯ ಪಕ್ಕಕ್ಕಿಟ್ಟ. ಆಮೇಲೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚತೊಡಗಿದ.

ಕೋಣೆಯ ತುಂಬ ಜನ. ನಡುವೆ ಅವನ ಹೆಂಡತಿಯ ದೇಹ. ಬೀದಿಗೆಲ್ಲ ಅವಳು ಹೊಲಿಗೆಯಕ್ಕ. ಅಲ್ಲಿದ್ದವರಲ್ಲಿ ಅವಳು ಹೊಲಿದ ಬಟ್ಟೆ ತೊಡದವರೇ ಕಡಿಮೆ.

"ಸೆಕೆ ಕಣೋ ಅಣ್ಣ, ಕಿಟಕಿ ಯಾಕೆ ಹಾಕ್ತೀಯ?" ಅವನ ತಂಗಿ ಕೇಳಿದಳು.

"ಹೊರಗೆ ಲಿಲ್ಲಿ ಅರಳಿದೆ ಕಣೇ. ಟೀಚರಿಗೆ ಆ ವಾಸನೆ ಆಗಲ್ಲ, ತಲೆ ಸಿಡಿಯುತ್ತೆ."

ಟೀಚರ್ ತಲೆ ತಗ್ಗಿಸಿದರು.

*

ಆ ಬೀದಿಯ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವರು ಅವರು. ಆದರೂ ಯಾರಾದರೂ ಅವರ ವಿಳಾಸ ಕೇಳಿದರೆ ಜನ, "ಲಿಲ್ಲಿ ಮನೆ ಪಕ್ಕದ ಮನೆ" ಎನ್ನುತ್ತಿದ್ದರು. ಅಂಚೆಯವನು ಕೂಡ ಹೊಲಿಗೆಯಕ್ಕನ ತೋಟದ ಮುಂದೆ ನಿಂತು, ಎದೆ ತುಂಬ ಉಸಿರೆಳೆದುಕೊಂಡೇ ಟೀಚರ ಗೇಟು ತಟ್ಟುತ್ತಿದ್ದ.

ಒಂದು ದಿನ ಟೀಚರ್ ಬೇಲಿಯ ಬಳಿ ಹಣೆ ಒತ್ತಿಕೊಂಡು ನಿಂತರು. "ನಿನ್ನ ಹೂವಿನ ವಾಸನೆಗೆ ನನಗೆ ತಲೆನೋವು ಕಣಮ್ಮ. ರಾತ್ರಿಯೆಲ್ಲ ನಿದ್ದೆಯಿಲ್ಲ."

ತಲೆನೋವೇನೂ ಇರಲಿಲ್ಲ. ಇದ್ದದ್ದು ಹೊಟ್ಟೆಯುರಿ.

"ಅಯ್ಯೋ, ಮೊದಲೇ ಹೇಳಬಾರದಾ ಟೀಚರ್!" ಹೊಲಿಗೆಯಕ್ಕ ತಾನೇ ತಪ್ಪು ಮಾಡಿದವಳಂತೆ ಗಾಬರಿಯಾದಳು.

ಆಮೇಲೆ ಅಲ್ಲಿ ಬರೀ ಹಸಿರೆಲೆ. ಗಿಡಕ್ಕೆ ವಯಸ್ಸಾಯಿತೆಂದು ಟೀಚರ್ ತಿಳಿದರು. ಒಳಗೊಳಗೇ ಹಾಲು ಕುಡಿದಷ್ಟು ಖುಷಿಪಟ್ಟರು.

*

"ಇಷ್ಟು ವರ್ಷ ಬಿಡದ ಹೂ ಈಗ ಹೇಗೆ ಬಿಡ್ತು?" ಪಕ್ಕದಲ್ಲೇ, ಅಮ್ಮನ ಕಾಲ ಬುಡದಲ್ಲಿ ಕೂತಿದ್ದ ಹೊಲಿಗೆಯಕ್ಕನ ಮಗಳನ್ನು ಟೀಚರ್ ಮೆಲ್ಲಗೆ ಕೇಳಿದರು.

"ಪ್ರತಿ ವರ್ಷವೂ ಮೊಗ್ಗಾಗ್ತಿತ್ತು ಟೀಚರ್. ಅಮ್ಮ ದಾರ ಕತ್ತರಿಸೋ ಕತ್ತರೀಲೇ ಅದನ್ನ ಅರಳೋಕೆ ಮುಂಚೆ ಕತ್ತರಿಸಿಬಿಡ್ತಿದ್ಲು. ಗಿಡಾನೇ ಕಿತ್ತುಹಾಕು ಅಂದ್ರೆ, 'ಪಾಪ, ಅದೇನು ಮಾಡ್ತು? ಎಲೆನಾದ್ರೂ ನೋಡ್ಕೊಂಡಿರ್ತೀನಿ' ಅನ್ನೋಳು." ಮಗಳು ಮೂಗು ಒರೆಸಿಕೊಂಡಳು. "ಈ ಸಲ ಆಸ್ಪತ್ರೇಲಿದ್ಲಲ್ಲ. ಕತ್ತರಿಸೋರು ಇರ್ಲಿಲ್ಲ."

ಮುಚ್ಚಿದ ಕಿಟಕಿಯ ಸಂದಿಯಿಂದಲೂ ಪರಿಮಳ ಒಳಗೆ ಬರುತ್ತಿತ್ತು. ಜನ ಸೆರಗಿನಿಂದ, ಕರವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಟೀಚರ್ ತಟ್ಟನೆ ಎದ್ದು ನಿಂತರು.

"ನನಗೆ ತಲೆನೋವು..."

ಎಲ್ಲರೂ ತಿರುಗಿ ನೋಡಿದರು. ಯಾವತ್ತೂ ಇರಲಿಲ್ಲ ಎನ್ನಬೇಕಿತ್ತು. ಅಷ್ಟರಲ್ಲೇ ಕಣ್ಣಲ್ಲಿ ನೀರು ಬಂತು.

"ನನಗೆ ಗೊತ್ತಿತ್ತು," ಎನ್ನುತ್ತ ಡ್ರೈವರಣ್ಣ ಹೊಲಿಗೆ ಯಂತ್ರದ ಡ್ರಾಯರು ಎಳೆದು, ಗುಂಡಿಗಳ ನಡುವಿನಿಂದ ಒಂದು ಮಾತ್ರೆ ಹುಡುಕಿ ತಂದ. "ನಿಮಗೇ ಅಂತ ಇಟ್ಟಿದ್ಲು. ತಗೊಳ್ಳಿ."

ಯಾರೋ ಬೆನ್ನು ಸವರಿದರು. ಯಾರೋ ನೀರು ಕೊಟ್ಟರು. ಟೀಚರ್ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಲೋಟ ಪೂರ್ತಿ ಕುಡಿದರು. ಅದು ಇಳಿಯಲಿಲ್ಲ, ಬಾಯೆಲ್ಲ ಕಹಿಯಾಗಿ ಕರಗತೊಡಗಿತು. ಇನ್ನೊಂದು ಲೋಟ ನೀರು ತರಲು ಮಗಳು ಅಮ್ಮನ ಕಾಲ ಬುಡದಿಂದ ಎದ್ದು ಒಳಗೆ ಓಡಿದಳು.