ಹೋಗು ಎಂಬ ಕೈ, ಬಾ ಎಂಬ ಕೈ

ಭಾವಿಕೇರಿಯ ಜಟ್ಟಿ ಗದ್ದೆಯ ಮನುಷ್ಯ. ಮೊಣಕಾಲುದ್ದದ ಕೆಸರು ಅವನಿಗೆ ಗೊತ್ತು, ಕಡಲು ಗೊತ್ತಿಲ್ಲ, ಈಜಂತೂ ಬಾರದು. ಆದರೂ ಮಗಳು ಸುಮಲತಾ ಕೇಳಿದಳೆಂದು ನೆರೆಮನೆಯ ಬೀಸುಬಲೆಯನ್ನು ಹೆಗಲಿಗೇರಿಸಿಕೊಂಡು ಸಂಜೆಯ ದಂಡೆಗೆ ಬಂದಿದ್ದ. ಅಂಕೋಲೆಯ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುವ ಅವಳಿಗೆ ಕೆಂಪು ಆಕಾಶದೆದುರು ಕಪ್ಪಗೆ ನಿಂತ ಒಬ್ಬ ಮೀನುಗಾರ ಬೇಕಿತ್ತು. ಮುಖ ಕಾಣುವುದಿಲ್ಲವಲ್ಲ, ಯಾರಾದರೇನು ಎಂದು ಅವಳೇ ನಗಾಡಿದ್ದಳು.

ಇಳಿತದ ಹೊತ್ತು. ಅಪ್ಪ ಒಣಗಿದ ತಗ್ಗನ್ನು ದಾಟಿ ಆಚೆಯ ಮರಳುದಿಬ್ಬ ಹತ್ತಿದ. ಗಾಳಿಗೆ ಕೂಗು ಅಲ್ಲಿಗೆ ಮುಟ್ಟದು. ಇನ್ನೂ ಆಚೆ ಎಂದು ಅವಳು ಕೈ ಬೀಸಿದಳು, ಅವನು ಸರಿದ. ಮತ್ತೆ ಬೀಸಿದಳು, ಮತ್ತೆ ಸರಿದ. ಆಕಾಶ ಕುಂಕುಮ ಕದಡಿದಂತಾಯಿತು. ಕ್ಯಾಮರಾದಿಂದ ಕಣ್ಣು ತೆಗೆದಾಗ ತಗ್ಗಿನೊಳಗೆ ನೀರು ನುಗ್ಗುತ್ತಿತ್ತು. ಭರತಿ ಶುರುವಾಗಿತ್ತು.

ಬಾ ಎಂದು ಕೈ ಬೀಸಿದಳು. ಕಪ್ಪು ಆಕೃತಿ ಅಲುಗಿತು. ಬರುತ್ತಿದ್ದಾನೋ, ಹೋಗುತ್ತಿದ್ದಾನೋ? ನೆರಳಿಗೆ ಎದೆಯೂ ಬೆನ್ನೂ ಒಂದೇ. ದಿಟ್ಟಿಸಿದರೆ ಅದು ಚಿಕ್ಕದಾಗುತ್ತಿತ್ತು. ದಿಬ್ಬದ ಮೇಲಿದ್ದವನ ಕಾಲು ಇನ್ನೂ ಒಣಗಿಯೇ ಇತ್ತು, ಅವನಿಗೇನು ಗೊತ್ತು! ಎರಡೂ ಕೈ ಎತ್ತಿ ಕರೆದಳು. ಅದನ್ನೂ ಇನ್ನೂ ಆಚೆ ಎಂದೇ ತಿಳಿದು ಅವನು ವಿಧೇಯನಾಗಿ ಮತ್ತಷ್ಟು ದೂರ ಹೋದ.

ದಂಡೆಯಲ್ಲಿ ನರಪಿಳ್ಳೆ ಇರಲಿಲ್ಲ. ಅವಳಿಗೂ ಈಜು ಬಾರದು. ಊರ ಅಮ್ಮನನ್ನು ನೆನೆದಳು. ತಾಯೀ, ನನ್ನ ಕೈಯೇ ಅವನನ್ನು ತಳ್ಳುತ್ತಿದೆಯಲ್ಲ ಎಂದು ಮೊರೆಯಿಟ್ಟಳು. ಆಗ ಕೈ ತಾನಾಗಿ ಕೆಳಗಿಳಿಯಿತು. ಅವನು ತನಗೆ ಬರೀ ನೆರಳು, ಆದರೆ ಇಳಿಬಿಸಿಲು ನೇರ ಬಿದ್ದ ತಾನು ಅವನಿಗೆ ಚೆನ್ನಾಗಿ ಕಾಣುತ್ತೇನೆ ಎಂಬುದು ಹೊಳೆಯಿತು.

ಕ್ಯಾಮರಾವನ್ನು ಅವನಿಗೆ ಕಾಣುವಂತೆ ಎತ್ತಿ ಚೀಲಕ್ಕೆ ತುಂಬಿದಳು. ಅಪ್ಪನಿಗೆ ಬೆನ್ನು ಮಾಡಿ ಊರ ಕಡೆ ನಡೆದಳು.

ತಿರುಗಿ ನೋಡುವಂತಿಲ್ಲ. ನೋಡಿದರೆ ಇನ್ನೊಂದು ಫೋಟೋ ಬಾಕಿಯಿದೆ ಎಂದುಕೊಂಡಾನು. ಕಾಲು ಮುಂದೆ ಹೋಗುತ್ತಿತ್ತು, ಜೀವ ಹಿಂದೆಯೇ ನಿಂತಿತ್ತು. ಅಲೆಯ ಸದ್ದೊಂದೇ. ಮತ್ತೂ ಅಲೆಯ ಸದ್ದು. ಆಮೇಲೆ ಅದರ ನಡುವೆ ನೀರು ಬಡಿಯುವ ಸದ್ದು, ಏದುಸಿರು, ಕೆಮ್ಮು.

"ಮುಗೀತು ಅಂತ ಹೇಳೂಕೆ ಬಾಯಿಲ್ವನೇ ನಿಂಗೆ? ನಾ ಅಲ್ಲೇ ನಿಂತ್ಕಂಡಿದ್ರೆ?"

ಆಗ ತಿರುಗಿದಳು. ಕುತ್ತಿಗೆಯವರೆಗೂ ತೊಯ್ದ ಅಪ್ಪ ಬೈಯುತ್ತ ಬರುತ್ತಿದ್ದ. ಅವಳು ಅವನ ಮುಖವನ್ನೇ ನೋಡುತ್ತ ನಿಂತುಬಿಟ್ಟಳು.